ತುಟಿಗೆ ಮೂರೇ ಆಕಾರ

ಕಾರ್ಟೂನಿನ ಆ ಹುಡುಗಿ ಮಾತಾಡುವಾಗ ಅವಳ ತುಟಿಗೆ ಮೂರೇ ಆಕಾರಗಳಿದ್ದವು. ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು. ಸಿಟ್ಟು ಬಂದರೂ ಅವೇ ಮೂರು, ಅಳು ಬಂದರೂ ಅವೇ ಮೂರು, ಮಂತ್ರ ಹೇಳುವಾಗಲೂ ಅವೇ. ಬೇರೆ ಊರಿನ ಮಕ್ಕಳು ಇದನ್ನು ಗಮನಿಸಿರಲಾರರು. ನಾವು ಬನಹಟ್ಟಿಯವರು, ಗಮನಿಸಿದೆವು.

ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ಕರೆಂಟು ಇದ್ದಷ್ಟು ಹೊತ್ತು ಮನುಷ್ಯರ ದನಿ ಕೇಳುತ್ತಿರಲಿಲ್ಲ. ಮನೆಯ ಮುಂಭಾಗವೇ ಮಗ್ಗದ ಕೋಣೆ. ನಮ್ಮವು ಎರಡು ಪವರ್‌ಲೂಮ್, ಎಡಬಲದ ಮನೆಗಳವು ಅದಕ್ಕೂ ಹೆಚ್ಚು. ಲಾಳಿ ಬಡಿಯುವ ಸದ್ದು ನೆಲಕ್ಕಿಳಿದು, ನೆಲದಿಂದ ನಮ್ಮ ಅಂಗಾಲಿಗೆ ಏರುತ್ತಿತ್ತು. ನೂಲಿನ ಗಂಜಿ, ಮಗ್ಗಕ್ಕೆ ಬಿಡುವ ಎಣ್ಣೆ, ಗಾಳಿಯಲ್ಲಿ ತೇಲುವ ಹತ್ತಿಯ ದೂಳು, ಇವೆಲ್ಲ ಸೇರಿದ ಒಂದು ವಾಸನೆ ನಮ್ಮ ಸಾಲೆಯ ಅಂಗಿಗಳಿಗೂ ಅಂಟಿರುತ್ತಿತ್ತು. ಅಂಥಲ್ಲಿ ಕೂಗಿ ಗಂಟಲು ಹರಿದುಕೊಳ್ಳುವವರು ಯಾರು? ನಾವು ದನಿ ತೆಗೆಯದೆ ತುಟಿಯಲ್ಲಿ ಮಾತಾಡುತ್ತಿದ್ದೆವು. ಅಪ್ಪ ಮಗ್ಗದ ಆಚೆಯಿಂದ ‘ನೀರು’ ಎಂದು ತುಟಿ ಆಡಿಸಿದರೆ, ಅಡುಗೆಮನೆಯ ಬಾಗಿಲಲ್ಲಿ ನಿಂತ ಅವ್ವ ‘ಚರಿಗಿ ತುಂಬ ತರಲೋ, ಅರ್ಧಾನೋ’ ಎಂದು ತುಟಿಯಲ್ಲೇ ಕೇಳುತ್ತಿದ್ದಳು. ಜಗಳ, ಚಾಷ್ಟಿ, ಬೈಗುಳ ಎಲ್ಲಕ್ಕೂ ತುಟಿಯೇ ಸಾಕಾಗುತ್ತಿತ್ತು. ಈ ವಿದ್ಯೆಯನ್ನು ನಾನು ಯಾವಾಗ ಕಲಿತೆನೋ ನೆನಪಿಲ್ಲ. ನಡೆಯಲು ಯಾವಾಗ ಕಲಿತೆ ಎಂಬುದೂ ಯಾರಿಗೆ ನೆನಪಿರುತ್ತದೆ? ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಾಯಿ ಅಗಲಿಸಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಮಾತಾಡುವವರನ್ನು ಕಂಡರೆ ಕಂಡಕ್ಟರು ಕೇಳದೆಯೇ ಬನಹಟ್ಟಿಗೆ ಟಿಕೆಟ್ ಹರಿಯುತ್ತಾನೆ ಎಂದು ಅಪ್ಪ ನಗುತ್ತಿದ್ದ.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯ ಸೂಟಿಯಲ್ಲಿ ಆ ಕಾರ್ಟೂನು ಬರತೊಡಗಿತು. ಬೆಳಿಗ್ಗೆ, ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ. ಅದು ಜಪಾನಿನದು, ಅಲ್ಲಿ ಮೊದಲು ಚಿತ್ರಕಥೆಯ ಪುಸ್ತಕಗಳಾಗಿ ಬಂದದ್ದು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಹಿಂದಿಯಲ್ಲಿ ಬರುತ್ತಿದ್ದರಿಂದ ಹಿಂದಿಯವರದೇ ಅಂದುಕೊಂಡಿದ್ದೆವು. ಹಿಂದಿಯವರ ಕೂದಲು ನೀಲಿ ಯಾಕಿರುತ್ತದೆ ಎಂಬುದೊಂದೇ ನಮ್ಮ ಸಂಶಯವಾಗಿತ್ತು.

ಗುಡ್ಡದ ಮೇಲೊಂದು ಮನೆ. ಅದರಲ್ಲಿ ಮಾಯಾವಿದ್ಯೆ ಬಲ್ಲ ಒಬ್ಬ ಮುದುಕಿ. ಅವಳ ಕೋಣೆಯ ತುಂಬ, ಬಿರಡೆ ಬಿಗಿದ ಗಾಜಿನ ಶೀಶೆಗಳು. ಒಂದು ದಿನ ಬಿರುಗಾಳಿಗೆ ಮನೆಯ ಗೋಡೆ ಬಿದ್ದು ಶೀಶೆಗಳೆಲ್ಲ ದೇಶದ ಮೇಲೆ ಚೆಲ್ಲಿಹೋಗುತ್ತವೆ. ಮುದುಕಿಯ ಶಿಷ್ಯೆ, ನೀಲಿ ಕೂದಲಿನ ಹುಡುಗಿ, ಊರೂರು ಅಲೆದು ಅವನ್ನು ಹುಡುಕಿ ತರಬೇಕು. ದಿನಕ್ಕೊಂದು ಊರು. ಆ ಊರಿನಲ್ಲಿ ಯಾರೋ ತಿಳಿಯದೆ ಶೀಶೆಯ ಬಿರಡೆ ತೆಗೆದಿರುತ್ತಾರೆ. ಜನ ಬಾಯಿ ತೆರೆದು ಓಡುತ್ತಾರೆ, ಕೂದಲು ಬಟ್ಟೆ ಹಾರಾಡುತ್ತವೆ. ಹುಡುಗಿ ಕೋಲೆತ್ತಿ ತನ್ನ ಮೂರು ಆಕಾರದ ತುಟಿಯಲ್ಲಿ ಮಂತ್ರ ಹೇಳುತ್ತಾಳೆ. ಬೆಳಕಿನದೊಂದು ಬಳೆ ಮೂಡಿ, ತಪ್ಪಿಸಿಕೊಂಡದ್ದು ಮತ್ತೆ ಶೀಶೆಯೊಳಗೆ ಸೇರುತ್ತದೆ.

ತಪ್ಪಿಸಿಕೊಂಡದ್ದು ಏನು? ಅದನ್ನು ಹೇಳುತ್ತಿದ್ದವಳು ನನ್ನ ಅಕ್ಕ ಕಸ್ತೂರಿ.

ಅಕ್ಕ ಆಗಷ್ಟೇ ಎಸೆಸೆಲ್ಸಿ ಪರೀಕ್ಷೆ ಬರೆದಿದ್ದಳು. ಹಿಂದಿಯಲ್ಲಿ ಅವಳು ಸಾಲೆಗೇ ಮೊದಲು. ಕೊನೆಯ ಪೇಪರು ಮುಗಿಸಿ ಬಂದ ಸಂಜೆಯೇ ಅವಳಿಗೆ ಜ್ವರ ಹಿಡಿದು, ಬಹಳ ದಿನ ಬಿಡದೆ ಕಾಡಿ, ಅವಳನ್ನು ಅರ್ಧ ಮಾಡಿ ಬಿಟ್ಟಿತ್ತು. ರಿಸಲ್ಟು ಬಂದಮೇಲೆ ಅವಳು ಜಮಖಂಡಿಗೆ ಹೋಗಿ ದೊಡ್ಡಪ್ಪನ ಮನೆಯಲ್ಲಿದ್ದು ಕಾಲೇಜಿನಲ್ಲಿ ವಿಜ್ಞಾನ ಓದುವುದೆಂದು ಮಾತಾಗಿತ್ತು. ನಮ್ಮ ಓಣಿಯಿಂದ ಹಾಗೆ ಹೋಗುವ ಮೊದಲ ಹುಡುಗಿ ಅವಳೇ ಆಗುತ್ತಿದ್ದಳು. ಆ ಬೇಸಿಗೆಯೆಲ್ಲ ಅವಳು ಬಾಗಿಲ ಹತ್ತಿರ ಕೂತು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಕೈಗೆ ಅಭ್ಯಾಸವಾದರೆ ಕಣ್ಣು ಬೇಕಿಲ್ಲ. ಕೈ ತಿರುಗುತ್ತಿತ್ತು, ಕಣ್ಣು ಟೀವಿಯ ಮೇಲಿರುತ್ತಿತ್ತು, ತುಟಿ ನಮಗೆ ಕಥೆ ಹೇಳುತ್ತಿತ್ತು. ಮಗ್ಗದ ಗದ್ದಲದಲ್ಲಿ ಟೀವಿಯ ದನಿ ನಮಗಂತೂ ಕೇಳುತ್ತಿರಲಿಲ್ಲ. ಅಕ್ಕ ಹೇಗೋ ಕೇಳಿಸಿಕೊಳ್ಳುತ್ತಾಳೆ ಎಂದು ನಾನು ನಂಬಿದ್ದೆ. ಆ ವಯಸ್ಸಿನಲ್ಲಿ ನನ್ನ ಪಾಲಿಗೆ ದೊಡ್ಡವರಿಗೆ ಬಾರದ್ದು ಏನೂ ಇರಲಿಲ್ಲ!

ಅಕ್ಕ ಹೇಳುತ್ತಿದ್ದ ಪ್ರಕಾರ ಶೀಶೆಯಲ್ಲಿದ್ದದ್ದು ದನಿಗಳು. ಮುದುಕಿ ಊರೂರಿನ ಜನರ ದನಿ ಕದ್ದು ಕೂಡಿಹಾಕಿದ್ದಳು. ಬಿರಡೆ ತೆಗೆದರೆ ಯಾರದೋ ದನಿ ಹೊರಬಿದ್ದು, ಸಿಕ್ಕವರ ಬಾಯಿಗೆ ಹೊಗುತ್ತಿತ್ತು.

“ಈಗ ನೋಡು, ಆ ದಪ್ಪನ್ನ ಅಂಗಡ್ಯಾವ ಅದಾನಲ್ಲ, ಅವನ ಬಾಯಾಗ ಕೂಸಿನ ಅಳು ಹೊಕ್ಕೈತಿ,” ಎನ್ನುತ್ತಿದ್ದಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ. “ಆ ಹುಡುಗಿ ದನಿ ಯಾವ ಶೀಶ್ಯಾಗೈತಿ ಅಕ್ಕಾ?” ಎಂದು ಒಮ್ಮೆ ಕೇಳಿದೆ. ಅಕ್ಕನ ಕೈ ತುಸು ನಿಂತಿತು. “ಆಕೀದೂ ಕಳದೈತಿ. ಆಕಿಗೆ ಇನ್ನೂ ಗೊತ್ತಿಲ್ಲ,” ಎಂದಳು.

ನಮ್ಮ ಆಟವೂ ಅದೇ ಆಯಿತು. ಖಾಲಿ ಕಂಡಿಕೆ ನಮ್ಮ ಮಂತ್ರದ ಕೋಲು. ಅಕ್ಕನ ಜ್ವರದ ಔಷಧದ ಖಾಲಿ ಶೀಶೆಗಳನ್ನು ತೊಳೆದು, ಅವುಗಳ ಬಾಯಿಗೆ ಬಾಯಿ ಹಚ್ಚಿ ಏನಾದರೊಂದು ಹೇಳಿ, ಗಕ್ಕನೆ ಮುಚ್ಚಳ ಬಿಗಿಯುತ್ತಿದ್ದೆವು. ಶೇಂಗಾದ ಚಟ್ನಿ ಹಚ್ಚಿದ ರೊಟ್ಟಿಯ ಸುರುಳಿ ಒಂದು ಕೈಯಲ್ಲಿ, ಶೀಶೆ ಇನ್ನೊಂದರಲ್ಲಿ. ನನ್ನ ಶೀಶೆಯಲ್ಲಿ ಎಷ್ಟು ತೊಳೆದರೂ ಔಷಧದ ಸಿಹಿ ವಾಸನೆ ಹೋಗಿರಲಿಲ್ಲ.

ಅದೇ ದಿನಗಳಲ್ಲಿ ಅವ್ವನ ದೂರು ಹೆಚ್ಚಾಯಿತು. ಕರೆಂಟು ಹೋಗಿ ಮಗ್ಗ ನಿಂತಾಗ ಅವಳು ಒಳಗಿನಿಂದ ಕೂಗುತ್ತಿದ್ದಳು, ಅಕ್ಕ ಓಗೊಡುತ್ತಿರಲಿಲ್ಲ.

“ಏ ಕಸ್ತೂರಿ! ಕಾಲೇಜಿನ ಹೆಸರ ತಗದ ಕೂಡ್ಲೆ ಕಿವ್ಯಾಗ ಹತ್ತಿ ತುರಕೊಂಡಿ ಏನ? ಹಿಟ್ಟ ಬೀಸಿಕೊಂಡ ಬಾ ಅಂತ ಎಷ್ಟ ಸಲ ಒದರಬೇಕ?”

ಅಕ್ಕ ಕೊನೆಗೊಮ್ಮೆ ತಲೆ ಎತ್ತಿ, ಅವ್ವನ ಮುಖ ನೋಡಿ, ಸುಮ್ಮನೆ ಎದ್ದು ಹೋಗುತ್ತಿದ್ದಳು. ಆ ಸುಮ್ಮನಿರುವುದೇ ಅವ್ವನಿಗೆ ಸೊಕ್ಕಿನಂತೆ ಕಾಣುತ್ತಿತ್ತು.

ಒಂದು ದಿನ ನನ್ನ ವರ್ಗದ ಶಬಾನಾ ಬಂದಳು. ಹಿಂದಿನ ಓಣಿಯವಳು, ಮನೆಯಲ್ಲಿ ಉರ್ದು ಆಡುತ್ತಿದ್ದುದರಿಂದ ಹಿಂದಿ ಅವಳಿಗೆ ಕಲಿಯಬೇಕಾದ ಮಾತಾಗಿರಲಿಲ್ಲ. ಮಗ್ಗದ ಸದ್ದಿಗೆ ಬೇಸತ್ತು ಅವಳು ಟೀವಿಯ ಪಕ್ಕಕ್ಕೆ ಹೋಗಿ, ದನಿ ಬರುವ ತೂತುಗಳಿಗೆ ಕಿವಿ ಹಚ್ಚಿ ಕೂತಳು. ಸ್ವಲ್ಪ ಹೊತ್ತಿಗೆ ನನ್ನತ್ತ ತಿರುಗಿ ಕೈಯಾಡಿಸಿದಳು.

“ದನಿ ಅಲ್ಲಲೇ ಉಮಿ! ಹವಾ, ಹವಾ. ಮುದುಕಿ ಶೀಶ್ಯಾಗ ಹವಾ ತುಂಬಿ ಇಟ್ಟಾಳ. ಇವತ್ತ ತಪ್ಪಿಸಿಕೊಂಡಿದ್ದು ಬಿಸಿ ಹವಾ ಅಂತ.”

“ಸುಳ್ಳ! ನಮ್ಮಕ್ಕ ಹಿಂದ್ಯಾಗ ಸಾಲಿಗೇ ಫಸ್ಟ್ ಅದಾಳ.”

“ಇರಲೇಳ. ಟೀವ್ಯಾಗ ಹಂಗ ಅನ್ನಾಕತ್ತಾರ, ಬೇಕಾದ್ರ ಕಿವಿ ಹಚ್ಚು ಬಾ.”

ನಾನು ಹಚ್ಚಲಿಲ್ಲ. ಅಕ್ಕನತ್ತ ನೋಡಿದೆ. ಅಕ್ಕ ಶಬಾನಾಳ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ನಕ್ಕು, “ಗಾಳಿ ಇಲ್ಲದ ದನಿ ಎಲ್ಲಿಂದ ಬರತೈತಿ, ಹುಚ್ಚಿ? ಎರಡೂ ಒಂದ,” ಎಂದಳು. ನನಗೆ ಅಷ್ಟು ಸಾಕಾಯಿತು. ಶಬಾನಾಳೊಂದಿಗೆ ಎರಡು ದಿನ ಮಾತು ಬಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಗ್ಗದ ಮೋಟಾರು ಸುಟ್ಟು ರಿಪೇರಿಗೆ ಹೋಯಿತು. ಇನ್ನೊಂದರ ಹಾಸು ಮುಗಿಯಿತು. ಹಾಸು ಎಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲು. ಅದು ಮುಗಿದಾಗ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಿ ಹೊಸೆಯಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ತಲೆ ಬಗ್ಗಿಸಿ, ಸಾವಿರಾರು ಎಳೆಗಳನ್ನು ಒಂದಾದಮೇಲೊಂದು ಕೆಚ್ಚುತ್ತ ಹೋದರೆ ಎರಡು ದಿನ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಅಕ್ಕನಷ್ಟು ಚಂದ ಕೆಚ್ಚುವವರಿರಲಿಲ್ಲ.

ಹೀಗೆ ಕರೆಂಟು ಇದ್ದೂ ನಮ್ಮ ಎರಡೂ ಮಗ್ಗ ನಿಂತ ಬೆಳಿಗ್ಗೆ ಅದು. ನೆರೆಯ ಮಗ್ಗಗಳ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು, ಅಷ್ಟೇ. ಮೊದಲ ಸಲ ಟೀವಿಯ ದನಿ ಕೋಣೆಯ ತುಂಬ ಕೇಳಿಸಿತು. ನೀಲಿ ಕೂದಲಿನ ಹುಡುಗಿಗೆ ಗಡಸು ದನಿ ಇದೆ ಎಂದು ನನಗೆ ಅವತ್ತು ಗೊತ್ತಾಯಿತು. ಅಕ್ಕ ನನಗೆ ಬೆನ್ನು ಮಾಡಿ, ಎಳೆಗಳ ಮೇಲೆ ಬಗ್ಗಿ ಕೂತಿದ್ದಳು.

“ಅಕ್ಕಾ, ಇವತ್ತ ಯಾರ ದನಿ?” ಎಂದೆ.

ಮತ್ತೆ ಕರೆದೆ. ಅವಳ ಬೆರಳು ಹೊಸೆಯುತ್ತಲೇ ಇದ್ದವು. ನನಗೆ ಚಾಷ್ಟಿ ಹೊಳೆಯಿತು. ಅಕ್ಕನಿಗೆ ಹಲ್ಲಿ ಎಂದರೆ ಜೀವವೇ ಹೋಗುತ್ತಿತ್ತು.

“ಅಕ್ಕಾ! ನಿನ್ನ ಬೆನ್ನ ಮ್ಯಾಲೆ ಹಲ್ಲಿ!”

ಅವಳು ಒಂದು ಎಳೆ ಮುಗಿಸಿ, ಬೆರಳನ್ನು ಬೂದಿಗೆ ಅದ್ದಿ, ಇನ್ನೊಂದನ್ನು ಹಿಡಿದಳು.

ನಾನು ನಿಂತಲ್ಲೇ ನಿಂತೆ. ಆ ಬೇಸಿಗೆಯ ಒಂದೊಂದು ದಿನವೂ ತಿರುಗಿ ನನ್ನ ಕಡೆ ನೋಡಿದಂತಾಯಿತು. ಬಳಿಗೆ ಹೋಗಿ ಭುಜ ಮುಟ್ಟಿದೆ. ಅವಳು ಬೆಚ್ಚಿಬಿದ್ದಳು, ಕೈಯಲ್ಲಿದ್ದ ಎಳೆಗಳು ಹರಿದವು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ಅವಳ ತುಟಿ ದನಿಯಿಲ್ಲದೆ ಆಡಿತು.

“ಎಷ್ಟ ಸಲ ಕರದಿ?”

“ಬಾಳ ಸಲ,” ಎಂದು ನನ್ನ ತುಟಿಯೂ ದನಿಯಿಲ್ಲದೆ ಹೇಳಿತು.

ಅಕ್ಕ ಹರಿದ ಎಳೆಗಳನ್ನು ಆರಿಸಿಕೊಂಡಳು. ಆಮೇಲೆ ನನ್ನ ಗದ್ದ ಹಿಡಿದು ತನ್ನತ್ತ ತಿರುಗಿಸಿಕೊಂಡಳು. ಬೂದಿಯ ಬೆರಳು ತಣ್ಣಗಿತ್ತು.

“ಅವ್ವಗ ಹೇಳಬ್ಯಾಡ. ಕಿವುಡಿಗೆ ಕಾಲೇಜ ಯಾಕ ಅಂತಾರ. ಅಲ್ಲೆ ಹೋದ ಮ್ಯಾಲೆ ಮುಂದಿನ ಬೆಂಚಿನ್ಯಾಗ ಕುಂದರತೀನಿ, ಎಲ್ಲಾರ ತುಟಿ ಓದತೀನಿ. ಯಾರಿಗೂ ಗೊತ್ತಾಗೂದಿಲ್ಲ.”

“ಮತ್ತ ಕಾರ್ಟೂನಿನ ಕತಿ?”

“ಅವರ ತುಟಿ ಓದಾಕ ಬರೂದಿಲ್ಲವಾ. ಬರೇ ಬಾಯಿ ತಗೀತಾರ, ಮುಚ್ಚತಾರ.” ಅವಳು ನಗಲು ನೋಡಿದಳು. “ಅದಕ್ಕ ನಾನ ಮಾಡಿ ಹೇಳಿದೆ.”

ಅವತ್ತು ಸಂಜೆ ದೊಡ್ಡಪ್ಪ ಬಂದರು. ಜಮಖಂಡಿಯಿಂದ ಅವರು ಬರುವುದೇ ಅಪರೂಪ. ಹೆಗಲಿಗೆ ಶಲ್ಯ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಹೊಸ್ತಿಲಲ್ಲೇ ನಿಂತು, “ಏನವಾ ಕಸ್ತೂರಿ, ಟ್ರಂಕ್ ತುಂಬಿದೇನ?” ಎಂದು ಪ್ರೀತಿಯಿಂದ ಕೂಗಿದರು. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ಕೆಚ್ಚುತ್ತಿದ್ದಳು. ದೊಡ್ಡಪ್ಪ ಮತ್ತೊಮ್ಮೆ ಕೂಗಿದರು. ನಾನು ಒಳಗಿನಿಂದ ಓಡಿಬಂದು ಅವಳನ್ನು ಮುಟ್ಟುವಷ್ಟರಲ್ಲಿ ಅವರ ಮುಖದ ನಗು ಹೋಗಿತ್ತು.

“ಹಿರೇರು ಮನಿಗೆ ಬಂದ್ರ ಹೊಳ್ಳಿ ನೋಡೂದಿಲ್ಲ. ಇಂಥಾಕಿನ್ನ ನಮ್ಮ ಮನ್ಯಾಗ ಇಟಗೊಂಡ್ರ ಈಕಿ ದೊಡ್ಡವ್ವ ನನಗ ಉಣ್ಣಾಕ ಹಾಕೂದಿಲ್ಲವಾ,” ಎಂದು ಅವ್ವನಿಗೆ ಹೇಳಿದರು.

“ಚಾ ಕುಡದ ಹೋಗ್ರಿ ಭಾವಾರ, ಹುಡುಗಿ ಜ್ವರದಾಗಿಂದ ಈಗ ಎದ್ದೈತ್ರಿ...”

“ಚಾ ಆಗೇತಿ.” ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟು ಹೋದರು.

ಅವ್ವ ಜೋಳದ ಹಿಟ್ಟಿನ ಕೈಯಲ್ಲೇ ಅಕ್ಕನೆದುರು ಬಂದು ನಿಂತಳು. “ಮುಗೀತ. ಕಾಲೇಜೂ ಬ್ಯಾಡ, ಏನೂ ಬ್ಯಾಡ. ಇಷ್ಟ ಸೊಕ್ಕ ಇದ್ದಾಕಿ ಮಗ್ಗಾ ಹಿಡಕೊಂಡ ಮನ್ಯಾಗ ಬಿದ್ದಿರು.”

ಅಕ್ಕ ಅವ್ವನ ತುಟಿಯನ್ನೇ ನೋಡುತ್ತಿದ್ದಳು. ಒಂದು ಮಾತಿಗೂ ಎದುರಾಡಲಿಲ್ಲ. ಸೊಕ್ಕಿನವಳು ಎನ್ನಿಸಿಕೊಳ್ಳುವುದು ಅವಳಿಗೆ ಸುಲಭವಾಗಿತ್ತು. ಸಿಟ್ಟು ಇಳಿದೀತು, ದೊಡ್ಡಪ್ಪ ಮರೆತಾರು ಎಂದು ಅವಳು ಲೆಕ್ಕ ಹಾಕಿದ್ದಿರಬೇಕು. ನನಗೆ ಒಂಬತ್ತು ವರ್ಷ. ಅಷ್ಟು ದೂರ ಯೋಚಿಸಲು ಬರುತ್ತಿರಲಿಲ್ಲ. ಅವಳು ಮಾಡದ ತಪ್ಪಿಗೆ ಅವಳನ್ನು ಬೈಯುತ್ತಿದ್ದಾರೆ ಎಂಬುದಷ್ಟೇ ಕಾಣುತ್ತಿತ್ತು.

“ಅಕ್ಕಗ ಕೇಳಸೂದಿಲ್ಲ ಬೇ,” ಎಂದೆ. “ನಿಂದೂ ಕೇಳಸೂದಿಲ್ಲ, ದೊಡ್ಡಪ್ಪಂದೂ ಕೇಳಸಿಲ್ಲ. ಸೊಕ್ಕಲ್ಲ ಅದು.”

ಅವ್ವ ನನ್ನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಅಡ್ಡಗೋಡೆಯ ಹತ್ತಿರ ನಿಂತಿದ್ದ ಅಪ್ಪ ಬೀಡಿಯನ್ನು ಆರಿಸಿದ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಅಕ್ಕನೆದುರು ಕುಕ್ಕರಗಾಲಲ್ಲಿ ಕೂತು, ದನಿ ತೆಗೆಯದೆ, ಬರಿಯ ತುಟಿಯಲ್ಲಿ ಕೇಳಿದಳು.

“ಯಾವಾಗಿಂದ?”

“ಜ್ವರಾ ಬಿಟ್ಟಾಗಿಂದ.”

ನಮ್ಮ ಮಗ್ಗಗಳು ನಿಂತಿದ್ದವು. ಮೆಲ್ಲಗೆ ಆಡಿದರೂ ಕೇಳುವಷ್ಟು ಮೌನವಿತ್ತು. ಆದರೂ ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ದನಿ ತೆಗೆಯಲಿಲ್ಲ. ಊಟಕ್ಕೆ ಕೂತಾಗ ನಾನು ಅಕ್ಕನ ಎದುರಿಗೆ ಕೂತೆ. ಅವಳು ನನ್ನನ್ನು ನೋಡಿ, “ಬ್ಯಾಡ ಅಂದಿದ್ದೆ,” ಎಂದು ತುಟಿ ಆಡಿಸಿ, ಮುಖ ಗೋಡೆಯತ್ತ ತಿರುಗಿಸಿದಳು. ತುಟಿ ಓದುವವರು ಮುಖ ತಿರುಗಿಸಿದರೆ ಅವರಿಗೆ ಏನನ್ನೂ ಹೇಳಲಾಗುವುದಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅಕ್ಕನನ್ನು ಮಿರಜಿಗೆ ಕರೆದೊಯ್ದರು. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಸ್ವಲ್ಪ ಉಳಿದಿದೆ ಎಂದರು ಡಾಕ್ಟರು. ಅಪ್ಪ ಜಮಖಂಡಿಗೆ ಹೋಗಿ ಅಣ್ಣನ ಎದುರು ಕೂತು ಎಲ್ಲ ಹೇಳಿದ. ದೊಡ್ಡಪ್ಪ ಕಣ್ಣೊರೆಸಿಕೊಂಡು, ತಾವೇ ಬಂದು ಅವಳ ಟ್ರಂಕ್ ಎತ್ತಿಕೊಂಡು ಹೋದರು. ಅಕ್ಕ ಕಾಲೇಜು ಸೇರಿದಳು, ಆದರೆ ವಿಜ್ಞಾನಕ್ಕಲ್ಲ, ಕಲಾ ವಿಭಾಗಕ್ಕೆ. ಮುಂದಿನ ಬೆಂಚಿನಲ್ಲಿ ಕೂತಳು. ಪಾಠ ಹೇಳುವವರು ಹಲಗೆಯತ್ತ ತಿರುಗಿದಾಗಲೆಲ್ಲ ಅವಳ ಪಾಲಿನ ಪಾಠ ನಿಂತುಹೋಗುತ್ತಿತ್ತು. ಎರಡು ವರ್ಷ ಹಾಗೆಯೇ ಓದಿ ಪಾಸಾಗಿ, ಅಲ್ಲಿಗೆ ಬಿಟ್ಟಳು. ಈಗ ರಬಕವಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಸೀರೆಯ ಸೆರಗಿನ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾಳೆ. ಒಂದು ಕಿವಿಗೆ ಮಶೀನು ಹಾಕಿಕೊಳ್ಳುತ್ತಾಳೆ, ಸಾಕಾದಾಗ ತೆಗೆದಿಡುತ್ತಾಳೆ.

ಆ ಕಾರ್ಟೂನು ನಡುವೆಯೇ ನಿಂತುಹೋಯಿತು. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳ ಬಳಿ ಅದರ ಮೂಲದ ಚಿತ್ರಕಥೆ ಇಂಗ್ಲಿಷಿನಲ್ಲಿ ಸಿಕ್ಕಿತು. ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಓದಬೇಕಾದ ಪುಸ್ತಕಗಳು. ಶಬಾನಾಗೆ ಸಲೀಸಾಗುತ್ತಿತ್ತು ಎಂದುಕೊಂಡೆ. ಈಚೆಗೆ ಅದನ್ನೇ ಹೊಸದಾಗಿ ಮತ್ತೆ ಅನಿಮೆ ಮಾಡಿದ್ದಾರೆ. ಬಣ್ಣ ಹೆಚ್ಚು, ಬೆಳಕು ಹೆಚ್ಚು. ತುಟಿಗೂ ಈಗ ಹೆಚ್ಚು ಆಕಾರಗಳಿವೆ. ಶಬಾನಾ ಹೇಳಿದ್ದೇ ಸರಿ. ಶೀಶೆಗಳಲ್ಲಿ ಇದ್ದದ್ದು ಗಾಳಿ. ಹುಡುಗಿಯ ದನಿ ಎಲ್ಲಿಯೂ ಕಳೆಯುವುದಿಲ್ಲ. ಆ ಪುಸ್ತಕಗಳನ್ನು ಗೆಳತಿಯಿಂದ ಕೇಳಿ ತಂದು ಅಕ್ಕನಿಗೆ ಕೊಟ್ಟಿದ್ದೆ. ಮಾತೆಲ್ಲ ಬರಹದಲ್ಲಿದ್ದ ಆ ಕಥೆಯನ್ನು ಅವಳು ಒಂದೂ ಬಿಡದೆ ಓದಿದಳು. “ಛಲೋ ಐತಿ,” ಎಂದಳು. “ಆದ್ರ ಇದ ನಮ್ಮ ಕತಿ ಅಲ್ಲ.”

ನಮ್ಮ ಕಥೆ ಏನಾಗಿತ್ತು ಎಂಬುದು ಈಗ ಇಬ್ಬರಿಗೂ ಪೂರ್ತಿ ನೆನಪಿಲ್ಲ. ಅಂಗಡಿಯವನ ಬಾಯಿಯ ಕೂಸಿನ ಅಳು ನೆನಪಿದೆ, ಇನ್ನೊಂದಿಷ್ಟು ತುಣುಕುಗಳಿವೆ. ಯಾರೂ ಬರೆಯದ, ಯಾರೂ ದನಿಯೆತ್ತಿ ಹೇಳದ ಆ ಕಥೆ ಬೇರೆಲ್ಲಿಯೂ ಸಿಗುವುದಿಲ್ಲ. ಅಪ್ಪ ಮಗ್ಗ ಮಾರಿದಮೇಲೆ ನಮ್ಮ ಮನೆಯಲ್ಲಿ ತುಟಿಯ ಮಾತಿಗೆ ಕಾರಣವೂ ಉಳಿದಿಲ್ಲ. ಓಣಿಯ ಬೇರೆ ಮಗ್ಗಗಳೂ ಒಂದೊಂದಾಗಿ ಹೋದವು, ಈಗಿನ ಮಕ್ಕಳಿಗೆ ಅದು ಬರುವುದಿಲ್ಲ. ನನಗೂ ರೂಢಿ ತಪ್ಪುತ್ತಿದೆ. ನಾನು ಧಾರವಾಡದಿಂದ ಅಕ್ಕನಿಗೆ ವಿಡಿಯೋ ಕಾಲ್ ಮಾಡುತ್ತೇನೆ. ನೆಟ್‌ವರ್ಕು ಕೆಟ್ಟಾಗ ದನಿ ಹೋಗಿ, ಅವಳ ತುಟಿ ತಡೆದು ತಡೆದು ಆಡುತ್ತದೆ. ಮುಚ್ಚಿದ್ದು, ಅರ್ಧ ತೆರೆದದ್ದು, ಪೂರ್ತಿ ತೆರೆದದ್ದು. ಆಗ ನಾನು ಏನನ್ನೂ ಓದಲಾರೆ. ಅವಳು ಹೇಳಿದ್ದಕ್ಕೆ ತಲೆಯಾಡಿಸಿ, ನನಗೆ ತೋಚಿದ ಮಾತನ್ನು ಅವಳ ಬಾಯಲ್ಲಿ ಇಡುತ್ತೇನೆ.

ಅವಳು ಗೋಡೆಯತ್ತ ಮುಖ ತಿರುಗಿಸಿದ ಆ ಸಂಜೆಯ ಮರುದಿನವೂ ನಮ್ಮ ಮಗ್ಗ ನಿಂತೇ ಇದ್ದವು, ಅಕ್ಕ ಎಳೆಗಳ ಮೇಲೆ ಬಗ್ಗಿ ಕೆಚ್ಚುತ್ತಲೇ ಇದ್ದಳು. ಬೆಳಿಗ್ಗೆ ರೊಟ್ಟಿಯ ಹೊತ್ತಿಗೆ ನಾನು ಹಿಂದಿನ ಓಣಿಗೆ ಹೋಗಿ ಶಬಾನಾಳನ್ನು ಕರೆತಂದೆ. ಟೀವಿ ಹಚ್ಚಿದೆ. ನೀಲಿ ಕೂದಲಿನ ಹುಡುಗಿಯ ಗಡಸು ದನಿ ಕೋಣೆಯನ್ನು ತುಂಬಿತು. ರಿಮೋಟು ಹಿಡಿದು, ದನಿಯ ಗೆರೆಗಳು ಒಂದೂ ಉಳಿಯದ ತನಕ ಒತ್ತಿದೆ. ಶಬಾನಾ ಬಾಯಿ ತೆರೆದಳು, ನನ್ನನ್ನು ನೋಡಿ ಮುಚ್ಚಿದಳು. ನಾನು ಹಾಸಿನ ಎಳೆಗಳ ಕೆಳಗೆ ನುಸುಳಿ, ಅಕ್ಕ ಎಲ್ಲಿ ತಿರುಗಿದರೂ ಕಾಣುವಂತೆ ಅವಳ ಮುಖದ ಕೆಳಗೇ ಕೂತು, ತಲೆ ಎತ್ತಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಕೇಳಿದೆ.

“ಅಕ್ಕಾ, ಇವತ್ತ ಯಾರ ದನಿ?”